ಮೂರು ನಿಮಿಷಕ್ಕೆ ಮಡಚಿದ ಖಯಾಲ್

ಉಸ್ತಾದ್ ಅಲ್ಲಾದಿಯಾ ಖಾನರು ತೀರಿಕೊಂಡದ್ದು 1946ರ ಮಾರ್ಚ್ 16ರಂದು, ಮುಂಬಯಿಯಲ್ಲಿ. ಈ ದೇಶದಲ್ಲಿ ಗ್ರಾಮಾಫೋನ್ ಧ್ವನಿಮುದ್ರಣ ಶುರುವಾಗಿ ಆಗಲೇ ನಲವತ್ತನಾಲ್ಕು ವರ್ಷ ಕಳೆದಿತ್ತು. ರೇಡಿಯೊ ಬಂದಿತ್ತು, ಮಾತಾಡುವ ಸಿನಿಮಾ ಬಂದಿತ್ತು, ಖಾನ್ ಸಾಹೇಬರ ಶಿಷ್ಯೆಯರ ಪ್ಲೇಟುಗಳು ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು. ಆದರೆ ಜೈಪುರ–ಅತ್ರೌಲಿ ಘರಾಣೆಯನ್ನು ಕಟ್ಟಿದ, ಕೊಲ್ಹಾಪುರದ ಶಾಹು ಮಹಾರಾಜರ ಆಸ್ಥಾನದಲ್ಲಿ ಕಾಲು ಶತಮಾನ ಹಾಡಿದ ಆ ಗಾಯಕನದೇ ಒಂದು ಪ್ಲೇಟೂ ಹೊರಬರಲಿಲ್ಲ.

ಏಕೆ ಎಂದು ಕೇಳಿದರೆ ಸಂಗೀತದ ಮಂದಿ ತಲೆಗೊಂದು ಕಾರಣ ಹೇಳುತ್ತಾರೆ. ಪೆಟ್ಟಿಗೆಯೊಳಗೆ ಹೋದ ವಿದ್ಯೆಯನ್ನು ಯಾರು ಬೇಕಾದರೂ ಕದಿಯಬಹುದೆಂಬ ಅಂಜಿಕೆ ಎನ್ನುವವರಿದ್ದಾರೆ. ಗುರುವಿನ ಮುಂದೆ ಕೂತು ವರ್ಷಗಟ್ಟಲೆ ಬೇಡಿ ಪಡೆಯಬೇಕಾದ ರಾಗ ಚಹಾದಂಗಡಿಯಲ್ಲಿ ಮೊಳಗುವುದು ಅವರಿಗೆ ಸಹಿಸದ ಮಾತಾಗಿತ್ತು ಎನ್ನುವವರಿದ್ದಾರೆ. ಎರಡೂ ನಿಜವಿರಬಹುದು. ಖಾನ್ ಸಾಹೇಬರ ಈ ನಿರಾಕರಣೆಯನ್ನು ಕಲಾವಿದನ ಸ್ವಾಭಿಮಾನವೆಂದು ಕೊಂಡಾಡುವುದು ನಮ್ಮಲ್ಲಿ ರೂಢಿ. ನನಗೆ ಆ ಉತ್ಸಾಹ ಬರುವುದಿಲ್ಲ. ಗ್ರಾಮಾಫೋನ್ ಕಂಪನಿ ಕೊಡುತ್ತಿದ್ದ ವ್ಯವಹಾರ ಕೆಟ್ಟದ್ದೇ ಇತ್ತು, ಒಪ್ಪೋಣ. ಒಪ್ಪದೆ ಹೋದದ್ದರಿಂದ ನಷ್ಟ ಆದದ್ದು ಮಾತ್ರ ಕಂಪನಿಗಲ್ಲ, ನಮಗೆ. ತಲೆತಲಾಂತರಕ್ಕೆ.

ಆ ವ್ಯವಹಾರ ಎಂಥದ್ದು ಎಂದು ತಿಳಿಯಲು ಮೊದಲು ಪ್ಲೇಟು ತಯಾರಾಗುತ್ತಿದ್ದ ಬಗೆ ನೋಡಬೇಕು. ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲಕತ್ತೆಗೆ ಬಂದು ಹೋಟೆಲಿನ ಕೋಣೆಯೊಂದರಲ್ಲಿ ಯಂತ್ರ ಹೂಡಿದ. ಧ್ವನಿಮುದ್ರಣಕ್ಕೆ ಮೈಕು ಇನ್ನೂ ಬಂದಿರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ಕೊಂಬಿನೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ದನಿಯ ಬಲದಿಂದಲೇ ಸೂಜಿ ಅಲುಗಿ, ತಿರುಗುವ ಮೇಣದ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತದೆ. ತಾರಸಪ್ತಕಕ್ಕೆ ಹೋದಾಗ ಮುಖ ಹಿಂದೆ ಸರಿಸಬೇಕು, ಮಂದ್ರಕ್ಕೆ ಇಳಿದಾಗ ಮುಂದೆ ಬಾಗಬೇಕು. ತಪ್ಪಿದರೆ ತಿದ್ದುವಂತಿಲ್ಲ, ಮೇಣವೇ ಹಾಳು. ಕೊರೆದ ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಸೇರಿ, ಅಲ್ಲಿ ಅರಗಿನ ಪ್ಲೇಟಾಗಿ ಅಚ್ಚಾಗಿ ತಿರುಗಿ ಬರುತ್ತಿತ್ತು. ಅರಗು ಹೋಗುತ್ತಿದ್ದದ್ದೂ ನಮ್ಮ ಕಾಡುಗಳಿಂದಲೇ. ಅಂದು ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಕೂಗಿ ಹೇಳುವುದು ಹಳೆಯ ಪ್ಲೇಟುಗಳಲ್ಲಿ ಇವತ್ತಿಗೂ ಕೇಳುತ್ತದೆ. ಹ್ಯಾನೋವರಿನ ಕಾರ್ಮಿಕನಿಗೆ ಯಾವ ಮೇಣ ಯಾರದ್ದೆಂದು ಗೊತ್ತಾಗಲಿ ಎಂದು ಮಾಡಿದ ಏರ್ಪಾಡು ಅದು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಲಕ್ಷಾಂತರ ಜನ ದನಿ ಕೇಳಿದ ಕಲಾವಿದೆಗೂ ಕಟ್ಟಕಡೆಗೆ ಅನ್ನ ಹಾಕಿದ್ದು ಒಬ್ಬ ಅರಸ ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. ನಿಮಿಷಕ್ಕೆ 78 ಸುತ್ತು. ಬೈಠಕ್ಕಿನಲ್ಲಿ ಒಂದು ರಾಗ ತನ್ನ ಮುಖ ತೋರಿಸಲು ತೆಗೆದುಕೊಳ್ಳುವ ಹೊತ್ತಿಗೆ ಇಲ್ಲಿ ಅದು ಮುಗಿದೇ ಹೋಗಿರಬೇಕು. ಹೀಗಾಗಿ ಗವಾಯಿಗಳು ವಿಲಂಬಿತವನ್ನು ಬಿಟ್ಟುಕೊಟ್ಟರು. ಬಂದಿಶ್‌ನ ಸ್ಥಾಯಿ, ಅಂತರಾ, ನಾಲ್ಕು ಬೋಲ್, ಓಡುವ ತಾನು, ಮುಗಿಯಿತು. ಮಿರಜಿನ ಅಬ್ದುಲ್ ಕರೀಂ ಖಾನರಂಥವರು ಈ ಇಕ್ಕಟ್ಟಿನಲ್ಲೂ ಪವಾಡ ಮಾಡಿದರು. ಅವರ ಝಿಂಝೋಟಿ ಠುಮ್ರಿಯನ್ನು ಕೇಳಿದವರಿಗೆ ಅಲ್ಲಿ ಏನೋ ಕಮ್ಮಿಯಾಗಿದೆ ಎನ್ನಿಸುವುದೇ ಇಲ್ಲ. ಎಲ್ಲರಿಗೂ ಆ ಕೈಗುಣ ಇರಲಿಲ್ಲ.

ಮೂರು ನಿಮಿಷದ ಮಿತಿ ಯಂತ್ರದ್ದು. ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಬೈಯಬೇಕಾದ್ದು ಮಿತಿಯ ಜೊತೆಗೆ ಕಂಪನಿ ತಂದ ರುಚಿಯನ್ನು. ಯಾವ ರಾಗ ಮಾರಾಟವಾಗುತ್ತದೆ, ಯಾವ ಹೆಸರು ಲೇಬಲ್ಲಿನ ಮೇಲೆ ಚೆನ್ನಾಗಿ ಕಾಣುತ್ತದೆ, ಖಯಾಲಿನ ಹಿಂದಿನ ಮಗ್ಗುಲಿಗೆ ನಾಟ್ಯಗೀತೆ ಹಾಕೋಣವೋ ಭಜನೆ ಹಾಕೋಣವೋ ಎಂಬುದನ್ನೆಲ್ಲ ಕಂಪನಿಯವರು ತೀರ್ಮಾನಿಸುತ್ತಿದ್ದರು.

ಇದು ನಮ್ಮೊಬ್ಬರ ಗೋಳಲ್ಲ ಎನ್ನುವುದಕ್ಕೆ ಅಮೆರಿಕದ ಒಬ್ಬ ಗಿಟಾರ್ ವಾದಕನ ಕಥೆ ಹೇಳಬೇಕು. ವೆಸ್ ಮಾಂಟ್ಗಮರಿ ಇಂಡಿಯಾನಾಪೊಲಿಸ್ ನಗರದವರು. ಹಗಲು ಕಾರ್ಖಾನೆ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್. ನೆರೆಯವರ ನಿದ್ದೆ ಕೆಡದಿರಲೆಂದು ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಮೀಟುತ್ತ ಅಭ್ಯಾಸ ಮಾಡಿದರಂತೆ. ಆ ಹೆಬ್ಬೆರಳಿನ ನಾದವೇ ಅವರ ಗುರುತಾಯಿತು. 1960ರಲ್ಲಿ ರಿವರ್‌ಸೈಡ್ ಎಂಬ ಸಣ್ಣ ಕಂಪನಿ ತಂದ ಅವರ ಎಲ್‌ಪಿ ಕೇಳಿ ಜಾಝ್ ಲೋಕ ಬೆರಗಾಯಿತು. ಆ ಕಂಪನಿ 1964ರಲ್ಲಿ ದಿವಾಳಿ ಎದ್ದಿತು. ಆಮೇಲೆ ವರ್ವ್ ಕಂಪನಿಯಲ್ಲಿ ನಿರ್ಮಾಪಕ ಕ್ರೀಡ್ ಟೇಲರ್ ಅವರ ಕೈಗೆ ಸಿಕ್ಕರು. ಜನಪ್ರಿಯ ಹಾಡುಗಳ ಧಾಟಿ, ಹಿಂದೆ ಪಿಟೀಲುಗಳ ಸಾಲು, ನಡುವೆ ಗಿಟಾರಿನ ಸಿಹಿ ಎಳೆ. ರೆಕಾರ್ಡುಗಳು ಧಾರಾಳವಾಗಿ ಮಾರಾಟವಾದವು, ಗ್ರ್ಯಾಮಿಯೂ ಬಂತು. ಜಾಝಿಗೆ ಜೀವವಾದ ಮನೋಧರ್ಮ ಮಾತ್ರ ಪಿಟೀಲುಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿಯಿತು. ಅಸಲಿ ವೆಸ್ ಬೇಕಾದವರು ಅವರ ಕ್ಲಬ್ ಕಛೇರಿಗೆ ಹೋಗಬೇಕಿತ್ತು. 1968ರಲ್ಲಿ, ನಲವತ್ತೈದನೆಯ ವಯಸ್ಸಿಗೆ, ಹೃದಯಾಘಾತದಿಂದ ಹೋದರು. ಮರುವರ್ಷ ಕಂಪನಿ ಅವರ ಹಳೆಯ ಕ್ಲಬ್ ಕಛೇರಿಯ ಟೇಪುಗಳನ್ನು ಹುಡುಕಿ ತೆಗೆದು, ಅವುಗಳ ಮೇಲೆ ವಾದ್ಯವೃಂದವನ್ನು ಅಂಟಿಸಿ ಮಾರಿತು. ಸತ್ತ ಮೇಲೂ ಒಂಟಿಯಾಗಿ ನುಡಿಸಲು ಬಿಡಲಿಲ್ಲ. ಅದಕ್ಕೂ ಗ್ರ್ಯಾಮಿ ಬಂತು ಎನ್ನುವುದು ಬೇರೆ ಮಾತು.

ನಮ್ಮಲ್ಲೂ ಜಾಝ್ ಗಿಟಾರಿಗೆ ಒಬ್ಬರಿದ್ದರು, ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್‌ಟನ್ ಕಿಟ್ಟೊ. ಕೋಲ್ಕತ್ತದಲ್ಲಿ ನೆಲೆಸಿ, ಸುತ್ತಲಿನವರು ಪಾಪ್, ರಾಕ್ ಎಂದು ಹೊರಳಿದಾಗಲೂ ಬೀಬಾಪ್ ಬಿಡದೆ ನುಡಿಸಿ, ಮಕ್ಕಳಿಗೆ ಕಲಿಸಿ, 2016ರಲ್ಲಿ ತೀರಿಕೊಂಡರು. ಹೊರಗಿನವರಿಗೆ ಅವರ ಪರಿಚಯವಾದದ್ದು ಹೆಚ್ಚಾಗಿ ಸುಶೀಲ್ ಕುರಿಯನ್ ಮಾಡಿದ ಸಾಕ್ಷ್ಯಚಿತ್ರದಿಂದ. ರೆಕಾರ್ಡ್ ಕಂಪನಿಗಳಿಗೆ ಅವರ ವಿಳಾಸ ಬೇಕಾಗಿರಲಿಲ್ಲ.

ಈಗ ತಿರುಗಿ ಕೊಲ್ಹಾಪುರದ ಪಂಚಗಂಗೆಯ ಸೀಮೆಗೆ ಬರೋಣ. ಇಚಲಕರಂಜಿ ಎಂದರೆ ಇವತ್ತು ಮಗ್ಗದ ಸದ್ದು ನೆನಪಾಗುತ್ತದೆ. ನೂರು ವರ್ಷದ ಹಿಂದೆ ಆ ಊರಿನ ಹೆಸರು ಹೊತ್ತು ತಿರುಗಿದವರು ಬಾಲಕೃಷ್ಣಬುವಾ ಇಚಲಕರಂಜೀಕರ್. 1849ರಲ್ಲಿ ಹುಟ್ಟಿ, ಉತ್ತರಕ್ಕೆ ಅಲೆದು, ಗ್ವಾಲಿಯರ್ ಗಾಯಕಿಯನ್ನು, ಅಂದರೆ ಆ ಹಾಡುವ ಶೈಲಿಯನ್ನು, ಕಲಿತು ದಕ್ಷಿಣಕ್ಕೆ ತಂದವರು. ಘೋರ್ಪಡೆ ಸಂಸ್ಥಾನಿಕರ ಆಶ್ರಯದಲ್ಲಿದ್ದು 1926ರಲ್ಲಿ ತೀರಿಕೊಂಡರು. ವಿಷ್ಣು ದಿಗಂಬರ ಪಲುಸ್ಕರರು ಅವರ ಶಿಷ್ಯರು. ಮಿರಜಿನ ನೀಲಕಂಠಬುವಾ ಕೂಡ. ನೀಲಕಂಠಬುವಾ ಅವರಿಗೆ ಶಿಷ್ಯನಾಗಿ ಸಿಕ್ಕವನು ಧಾರವಾಡದ ಹತ್ತಿರದ ಮನ್ಸೂರಿನ ಒಬ್ಬ ಹುಡುಗ, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಮಲ್ಲಿಕಾರ್ಜುನ.

ಮಲ್ಲಿಕಾರ್ಜುನ ಮನ್ಸೂರರಿಗೂ ಪ್ಲೇಟಿಗೂ ಇದ್ದ ನಂಟು ವಿಚಿತ್ರ. 1930ರ ದಶಕದಲ್ಲಿ ಗ್ರಾಮಾಫೋನ್ ಕಂಪನಿಯ ಎಚ್‌ಎಂವಿ ಅವರಿಂದ ಹಾಡಿಸಿತು. ಗೌಡ ಮಲ್ಹಾರ, ಅಡಾಣದ ಪ್ಲೇಟುಗಳು ಹೆಸರು ಮಾಡಿದವು. ಏರುದನಿಯ, ಚುರುಕು ತಾನಿನ, ಗ್ವಾಲಿಯರ್ ಪಾಠ ನಾಲಗೆಯ ತುದಿಯಲ್ಲಿದ್ದ ತರುಣ ಗಾಯಕ ಅವುಗಳಲ್ಲಿ ಕೇಳುತ್ತಾನೆ. ಕಂಪನಿಗೆ ಒಪ್ಪುವ ಹಾಡುಗಾರಿಕೆ. ಅಲ್ಲಿಗೇ ನಿಂತಿದ್ದರೆ ಅವರೂ ಹತ್ತರಲ್ಲಿ ಹನ್ನೊಂದನೆಯ ರೆಕಾರ್ಡ್ ಗಾಯಕರಾಗಿ, ಪ್ಲೇಟಿನ ಜೊತೆಗೇ ಮರೆಯಾಗುತ್ತಿದ್ದರೇನೋ.

ನಿಲ್ಲಲಿಲ್ಲ. ಜನ ಗುರುತಿಸುತ್ತಿದ್ದ ಹೊತ್ತಿನಲ್ಲೇ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಕೂತು ಹೊಸದಾಗಿ ಕಲಿಯಲು ತೊಡಗಿದರು. ಪ್ಲೇಟು ಹೊರಟ ಗಾಯಕ ಮತ್ತೆ ಶಾಲೆಗೆ ಸೇರುವುದು ಇವತ್ತಿಗೂ ಸುಲಭದ ಮಾತಲ್ಲ. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡರು. ಮನ್ಸೂರರು ಅವರ ತಮ್ಮ, ಕೊಲ್ಹಾಪುರದ ಭೂರ್ಜಿಖಾನರನ್ನು ಹಿಡಿದರು. ಹೀಗೆ ಇಚಲಕರಂಜಿಯಿಂದ ಬಂದ ಗ್ವಾಲಿಯರ್ ನೀರೂ ಕೊಲ್ಹಾಪುರದ ಜೈಪುರ–ಅತ್ರೌಲಿ ನೀರೂ ಒಬ್ಬ ಕನ್ನಡಿಗನ ಗಂಟಲಲ್ಲಿ ಕೂಡಿದವು.

ಜೈಪುರ–ಅತ್ರೌಲಿ ಗಾಯಕಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಕಂಪನಿಗೆ ಅದು ಏಕೆ ಒಗ್ಗಲಿಲ್ಲ ಎಂಬುದು ತಿಳಿಯದು. ಇಲ್ಲಿ ಒಂದೊಂದೇ ಸ್ವರವನ್ನು ಬೇರೆ ಬೇರೆಯಾಗಿ ಇಟ್ಟು ರಾಗ ಬೆಳೆಸುವ ಕ್ರಮ ಇಲ್ಲ. ತಾಳದ ಮಾತ್ರೆಗೆ ಅಂಟಿಕೊಂಡೇ, ಒಂದೇ ಉಸಿರಿನಲ್ಲಿ, ಸ್ವರಗಳು ಒಂದರೊಳಗೊಂದು ಸುತ್ತಿಕೊಂಡು ಸಮ್‌ಗೆ ಬಂದು ಬೀಳುತ್ತವೆ. ಕೇಳುವವನು ಆ ಸುರುಳಿಯನ್ನು ಹಿಂಬಾಲಿಸಲು ಒಂದಿಷ್ಟು ಆವರ್ತನ ಬೇಕು. ರಾಗಗಳೂ ಅಪರೂಪದವು: ಬಸಂತಿ ಕೇದಾರ, ನಟ ಕಾಮೋದದಂಥ ಎರಡು ರಾಗ ಕೂಡಿದ ಜೋಡರಾಗಗಳು, ಖಟ್, ಸಂಪೂರ್ಣ ಮಾಲಕಂಸ. ಅಂಗಡಿಗೆ ಬಂದವನು ಯಮನ್ ಕೊಡು, ಭೈರವಿ ಕೊಡು ಎನ್ನುತ್ತಾನೆಯೇ ಹೊರತು ಖೋಕರ್ ಕೊಡು ಎನ್ನುವವನು ಯಾರು? ವಿಪರ್ಯಾಸವೆಂದರೆ, ಇದೇ ಗಾಯಕಿಗೆ ಬಹಳ ಉದ್ದದ ಹೊತ್ತೂ ಬೇಡ. ಮನ್ಸೂರರು ಒಂದು ರಾಗವನ್ನು ಅರ್ಧ ಗಂಟೆಯಲ್ಲಿ ಮುಗಿಸಿ ಮುಂದಿನದಕ್ಕೆ ಹಾರುತ್ತಿದ್ದರು. ಮೂರು ನಿಮಿಷ ಸಾಲದು, ಇಪ್ಪತ್ತು ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಆ ಇಪ್ಪತ್ತು ನಿಮಿಷದ ಮಗ್ಗುಲು, ಅಂದರೆ ಎಲ್‌ಪಿ, ಅವರ ಪಾಲಿಗೆ ಬರುವಷ್ಟರಲ್ಲಿ ಅವರು ನಡುವಯಸ್ಸು ದಾಟಿದ್ದರು.

ನಡುವಿನ ವರ್ಷಗಳಲ್ಲಿ ಅವರು ಕಂಪನಿಯ ಒಳಗೂ ಇದ್ದರು ಎಂಬುದು ಈ ಕಥೆಯ ಇನ್ನೊಂದು ತಿರುವು. ಕೆಲಕಾಲ ಎಚ್‌ಎಂವಿಯಲ್ಲಿ ಸಂಗೀತ ನಿರ್ದೇಶಕರಾಗಿ ದುಡಿದರು. ಅಂದರೆ ಬೇರೆಯವರ ಮೂರು ನಿಮಿಷವನ್ನು ಕತ್ತರಿಸಿ ಹೊಂದಿಸುವ ಕೆಲಸ. ತಮ್ಮ ಅಸಲಿ ಸಂಗೀತವನ್ನು ಮಾತ್ರ ಬೈಠಕ್ಕುಗಳಲ್ಲಿ ಹಾಡುತ್ತಿದ್ದರು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಮುಂದೆ ಮನ್ಸೂರರು ಅದರ ಸಲಹೆಗಾರರಾದರು. ನನ್ನ ಮಟ್ಟಿಗೆ ಕಥೆಯ ತಿರುವು ಇದೇ. ಆಕಾಶವಾಣಿಗೆ ಮಾರಾಟದ ಚಿಂತೆ ಇರಲಿಲ್ಲ. ಖೋಕರ್ ಹಾಡಿದರೆ ಯಾರು ಕೊಳ್ಳುತ್ತಾರೆ ಎಂದು ಕೇಳುವವರಿರಲಿಲ್ಲ. ಆ ದನಿ ಬೆಳಗಾವಿ ದಾಟಿ ಗಡಹಿಂಗ್ಲಜದ ಕಡೆಗೂ ಕೇಳಿಸುತ್ತಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಹಿರಣ್ಯಕೇಶಿ ದಂಡೆಯ ಆ ಸೀಮೆಗೆ ಕೊಲ್ಹಾಪುರದ ಗಾಯಕಿ ಕೊಲ್ಹಾಪುರದಿಂದ ಬರದೆ ಧಾರವಾಡವನ್ನು ಸುತ್ತಿಕೊಂಡು ಬಂತು! ಇಂದು ರಸಿಕರು ಎದೆಗವಚಿಕೊಳ್ಳುವ ಮನ್ಸೂರರ ಧ್ವನಿಮುದ್ರಣಗಳಲ್ಲಿ ದೊಡ್ಡ ಪಾಲು ರೇಡಿಯೊದ್ದು, ಇಲ್ಲವೇ ಯಾರದೋ ಮನೆಯ ಬೈಠಕ್ಕಿನಲ್ಲಿ ಅಭಿಮಾನಿಯೊಬ್ಬ ತಂದಿಟ್ಟ ಟೇಪಿನದ್ದು. ಪದ್ಮಶ್ರೀ ಬಂದದ್ದು 1970ರಲ್ಲಿ, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಮರುವರ್ಷ. ಆಗ ಅವರ ವಯಸ್ಸು ಅರವತ್ತರ ಆಸುಪಾಸು. ಪ್ಲೇಟಿನ ಮೇಲೆ ಹೆಸರು ಅಚ್ಚಾದದ್ದು ಇಪ್ಪತ್ತರ ಪ್ರಾಯದಲ್ಲಿ.

ಅಲ್ಲಾದಿಯಾ ಖಾನರ ನೇರ ಶಿಷ್ಯೆ ಕೇಸರಬಾಯಿ ಕೇರಕರ್. ಗೋವೆಯವರು; ಚಿಕ್ಕಂದಿನಲ್ಲಿ ಕೆಲವು ತಿಂಗಳು ಕೊಲ್ಹಾಪುರದಲ್ಲಿ ಅಬ್ದುಲ್ ಕರೀಂ ಖಾನರ ಬಳಿ ಕಲಿತವರು. 1921ರಿಂದ ಗುರು ಕಣ್ಮುಚ್ಚುವವರೆಗೂ ಅಲ್ಲಾದಿಯಾ ಖಾನರ ಶಿಷ್ಯೆ. ಅವರು ಎಚ್‌ಎಂವಿಗೂ ಬ್ರಾಡ್‌ಕಾಸ್ಟ್ ಕಂಪನಿಗೂ ಹಾಡಿದರು. ಆ ಪ್ಲೇಟುಗಳನ್ನು ಕೇಳಿದಾಗ ನಾನು ಮೇಲೆ ಬರೆದ ದೂರುಗಳಲ್ಲಿ ಅರ್ಧ ಕರಗಿಹೋಗುತ್ತವೆ. ಮೂರು ನಿಮಿಷದೊಳಗೆ ದನಿ ಮೂರೂ ಸಪ್ತಕಕ್ಕೆ ಹಬ್ಬುತ್ತದೆ. ಆದರೆ ಕೇಸರಬಾಯಿಗೆ ತೃಪ್ತಿ ಇದ್ದಂತಿಲ್ಲ. ಮೆಹಫಿಲಿನಲ್ಲಿ ಯಾರೋ ಟೇಪು ಇಟ್ಟಿದ್ದಾರೆಂದು ಗೊತ್ತಾದರೆ ಸಿಡಿಮಿಡಿಗೊಳ್ಳುತ್ತಿದ್ದ ಹಟಮಾರಿ ಹೆಂಗಸು ಎಂದೇ ಅವರ ಖ್ಯಾತಿ. ಹಾಗಿದ್ದೂ 1977ರ ಸೆಪ್ಟೆಂಬರ್ 5ರಂದು ಹಾರಿದ ವಾಯೇಜರ್ 1 ನೌಕೆಯ ಚಿನ್ನದ ರೆಕಾರ್ಡಿನಲ್ಲಿ ಭಾರತದ ಪಾಲಿಗೆ ಇರುವುದು ಅವರ ಒಂದು ಭೈರವಿ. ಮೂರೂವರೆ ನಿಮಿಷದ್ದು. ನೌಕೆ ಹೊರಟು ಹನ್ನೊಂದು ದಿನಕ್ಕೆ ಕೇಸರಬಾಯಿ ತೀರಿಕೊಂಡರು. ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ಆಚೆ ಈಗ ಹೋಗುತ್ತಿರುವುದು ಅದೇ 78 ಸುತ್ತಿನ ಪ್ಲೇಟಿನ ಲೆಕ್ಕದ ಸಂಗೀತ. ಗುರುವಿನ ದನಿ ಪ್ಲೇಟಿಗೂ ಇಳಿಯಲಿಲ್ಲ, ಶಿಷ್ಯೆಯದು ಗ್ರಹಗಳನ್ನೂ ದಾಟಿ ಹೋಯಿತು.

ಕಂಪನಿಯ ಪರವಾಗಿ ಇನ್ನೊಂದು ಸಾಕ್ಷಿ ಹುಬ್ಬಳ್ಳಿಯದು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಲಘು ಸಂಗೀತವೂ ಉಂಟು. ಮುಂದೆ ಅದನ್ನೆಲ್ಲ ಬದಿಗಿಟ್ಟು ಅವರು ಖಯಾಲಿಗಷ್ಟೇ ಅಂಟಿಕೊಂಡರು. ಆದರೆ ಆ ಪ್ಲೇಟುಗಳಲ್ಲಿ ಕೇಳುವುದು ನಮಗೆ ಗೊತ್ತಿರುವ ಗಂಡುದನಿಯ ಗಂಗೂಬಾಯಿ ಅಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಹೆಣ್ಣುದನಿ, ತೆಳ್ಳಗೆ, ಮೇಲಕ್ಕೆ ಸಲೀಸಾಗಿ ಹೋಗುವ ದನಿ. ಕಂಪನಿ ತನ್ನ ಲಾಭಕ್ಕಾಗಿ ಹಾಡಿಸದೇ ಹೋಗಿದ್ದರೆ ಆ ದನಿ ಬಲ್ಲವರ ಜೊತೆಗೇ ಅಳಿಯುತ್ತಿತ್ತು.

ಇನ್ನು ದುಡ್ಡಿನ ವಿಚಾರ. ಹೆಚ್ಚಿನವರಿಗೆ ಒಂದು ಮೊತ್ತ ಕೈಗಿಟ್ಟು ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತು. ದೊಡ್ಡ ಹೆಸರಿನವರಿಗೆ ರಾಯಲ್ಟಿ ಇರುತ್ತಿತ್ತು. ಎಷ್ಟು ಪ್ಲೇಟು ಮಾರಾಟವಾಯಿತು ಎಂಬ ಲೆಕ್ಕ ಮಾತ್ರ ಕಂಪನಿಯ ಕಡತದಲ್ಲೇ. ಕಾನೂನೂ ಹಾಡುವವನ ಕಡೆ ತಿರುಗಿ ನೋಡಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಒಡೆತನ ಅದನ್ನು ತಯಾರಿಸಿದವನದು. ಹಾಡಿದವನಿಗೂ ಹಕ್ಕಿದೆ ಎಂದು ಕಾಯ್ದೆ ಒಪ್ಪಿಕೊಂಡದ್ದು 1994ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಗೆ ರಾಯಲ್ಟಿ ಸಲ್ಲಬೇಕೆಂದು ಬರೆದದ್ದು 2012ರಲ್ಲಿ. ಮನ್ಸೂರರು ಹೋದದ್ದು 1992ರ ಸೆಪ್ಟೆಂಬರಿನಲ್ಲಿ. ಧ್ವನಿಮುದ್ರಣದ ಸ್ವಾಮ್ಯ ಪ್ರಕಟವಾದ ಅರವತ್ತು ವರ್ಷಕ್ಕೆ ಮುಗಿಯುವುದರಿಂದ ಅವರ ತರುಣ ವಯಸ್ಸಿನ ಪ್ಲೇಟುಗಳು ಈಗ ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ಹಂಚಬಹುದು. ಅಲ್ಲಾದಿಯಾ ಖಾನರ ಅಂಜಿಕೆ ಕೊನೆಗೂ ನಿಜವಾಯಿತು ಎನ್ನಿ, ಅದರಿಂದ ಯಾರಿಗೂ ಕೆಟ್ಟದ್ದಾದಂತೆ ಕಾಣುವುದಿಲ್ಲ.

ಎಲ್ಲ ಕಂಪನಿಗಳೂ ಎಲ್ಲ ಕಾಲಕ್ಕೂ ಕಿವುಡಾಗಿದ್ದವು ಎಂದರೆ ಅನ್ಯಾಯವಾಗುತ್ತದೆ. ಎಚ್‌ಎಂವಿಯಲ್ಲಿ ದಶಕಗಳ ಕಾಲ ಧ್ವನಿಮುದ್ರಣ ನೋಡಿಕೊಂಡ ಜಿ.ಎನ್. ಜೋಶಿ ಸ್ವತಃ ಹಾಡುಗಾರರು, ಗಂಗೂಬಾಯಿಯ ಜೊತೆ ಯುಗಳಗೀತೆ ಹಾಡಿದವರು. 1967ರಲ್ಲಿ ಅವರು ತಯಾರಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಎಲ್‌ಪಿಯಲ್ಲಿ ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನ ಜೊತೆಗೆ ಬ್ರಿಜಭೂಷಣ ಕಾಬ್ರಾ ಅವರ ಗಿಟಾರ್ ಇತ್ತು. ಕುರುಬನೊಬ್ಬನ ಒಂದು ದಿನದ ಕಥೆ ಎಂಬ ನೆಪ ಕೊಟ್ಟು, ಬೆಳಗಿನಿಂದ ರಾತ್ರಿಯವರೆಗಿನ ರಾಗಗಳನ್ನು ಜೋಡಿಸಿದ್ದರು. ಅಪ್ಪಟ ವ್ಯಾಪಾರದ ಉಪಾಯ. ಆದರೂ ರಾಗ ಕೆಡಲಿಲ್ಲ, ರೆಕಾರ್ಡೂ ಮಾರಾಟವಾಯಿತು. ಅದೇ ಹೊತ್ತಿಗೆ ಅತ್ತ ವೆಸ್ ಮಾಂಟ್ಗಮರಿಯ ಸುತ್ತ ಪಿಟೀಲು ಕಟ್ಟುತ್ತಿದ್ದರು. ಎರಡು ಕಡೆಯೂ ಮಾರುವ ಆಸೆ ಒಂದೇ. ಇಲ್ಲಿ ಮೇಜಿನ ಆಚೆ ಕೂತವನಿಗೆ ಸ್ವರ ಗೊತ್ತಿತ್ತು ಮತ್ತು ಕಲಾವಿದರಿಗೆ ಹೊತ್ತು ಸಿಕ್ಕಿತು.

1980ರ ದಶಕದ ಕ್ಯಾಸೆಟ್ಟು ಈ ದೊಡ್ಡ ಕಂಪನಿಗಳ ಸೊಂಟ ಮುರಿಯಿತು. ಅಗ್ಗದ ಟೇಪು, ಸಣ್ಣ ಊರಿನ ಸ್ಟುಡಿಯೊ, ಕದ್ದ ಪ್ರತಿ. ಇಚಲಕರಂಜಿ, ಗಡಹಿಂಗ್ಲಜದಂಥ ಪೇಟೆಗಳಲ್ಲಿ ಮರಾಠಿ ಅಭಂಗ, ಕನ್ನಡ ಭಕ್ತಿಗೀತೆ, ಹಿಂದಿ ಸಿನಿಮಾ ಹಾಡು ಒಂದೇ ಕಪಾಟಿನಲ್ಲಿ ಕೂತವು. ಶಾಸ್ತ್ರೀಯ ಸಂಗೀತಕ್ಕೂ ಒಂದು ಮಗ್ಗುಲಿಗೆ ಅರ್ಧ ಗಂಟೆ ಸಿಕ್ಕಿತು, ಮನ್ಸೂರರು ಬೈಠಕ್ಕಿನಲ್ಲಿ ಒಂದು ರಾಗಕ್ಕೆ ಕೊಡುತ್ತಿದ್ದಷ್ಟೇ ಹೊತ್ತು.

ಈಗ ಪ್ಲೇಟೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಹೊತ್ತಿಗೆ ಮಿತಿಯೇ ಇಲ್ಲ. ಬೇಕೆಂದರೆ ಮೂರು ಗಂಟೆಯ ಕಛೇರಿಯನ್ನು ಹಾಗೆಯೇ ಏರಿಸಬಹುದು. ಆದರೆ ಸ್ಪಾಟಿಫೈ ಲೆಕ್ಕದಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಮನ್ಸೂರರ ಅರ್ಧ ಗಂಟೆಯ ರಾಗಕ್ಕೂ ಎಣಿಕೆ ಒಂದೇ, ಕಾಸೂ ಒಂದೇ. 2024ರಿಂದ ವರ್ಷಕ್ಕೆ ಸಾವಿರ ಸಲ ಕೇಳದ ಧ್ವನಿಮುದ್ರಣಕ್ಕೆ ಆ ಕಾಸೂ ಇಲ್ಲ. ಇದರ ಪರಿಣಾಮ ಕಣ್ಣಿಗೆ ಕಾಣುತ್ತಿದೆ: ಕೇಳುಗ ಓಡಿಹೋಗದಿರಲೆಂದು ಆಲಾಪ ಬಿಟ್ಟು ನೇರ ತಾನಿಗೆ ಹಾರುವ ಹುಡುಗರು, ಒಂದು ರಾಗವನ್ನು ನಾಲ್ಕು ತುಂಡು ಮಾಡಿ ನಾಲ್ಕು ಎಣಿಕೆ ಗಿಟ್ಟಿಸುವ ಪ್ರಕಾಶಕರು. ಕೊಲ್ಹಾಪುರದಲ್ಲೋ ಧಾರವಾಡದಲ್ಲೋ ಇವತ್ತು ಯಾರಾದರೂ ಖೋಕರ್ ಕಲಿಯುತ್ತಿದ್ದರೆ, ಅವರಿಗೆ ಹಾಡಲು ಬೇಕಾದಷ್ಟು ಜಾಗ ಸಿಗುತ್ತದೆ. ಸಂಬಳಕ್ಕೆ ಮಾತ್ರ ಮನ್ಸೂರರಂತೆಯೇ ಬೇರೆ ಕಡೆ ನೋಡಿಕೊಳ್ಳಬೇಕು.